ಶಾಯಿ ತುಂಬಿ ಬಳಸುವ ಕಾರ್ಟ್ರಿಜ್: ಚಿಪ್ಪಿನ ಲೆಕ್ಕವೂ ಕಣ್ಣಿನ ಲೆಕ್ಕವೂ

ಶಾಲೆಯ ದಾಖಲಾತಿ, ವಿದ್ಯಾರ್ಥಿವೇತನ, ಬ್ಯಾಂಕಿನ ಖಾತೆ, ವೃದ್ಧಾಪ್ಯ ವೇತನ, ಹೀಗೆ ಯಾವ ಅರ್ಜಿಗಾದರೂ ಒಂದು ಭಾವಚಿತ್ರ ಬೇಕಾಗುತ್ತದೆ. ಇದಕ್ಕಾಗಿ ಪೇಟೆಗೆ ಹೋದರೆ ಬಸ್ಸಿನ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು. ಮೇಜಿನ ಮೇಲಿಡುವ ಒಂದು ಫೋಟೋ ಪ್ರಿಂಟರ್ ಊರಿನಲ್ಲಿದ್ದರೆ ಈ ಅಲೆದಾಟ ತಪ್ಪುತ್ತದೆ. ೪×೬ ಅಂಗುಲದ ಒಂದೇ ಕಾಗದದಲ್ಲಿ ೩೫×೪೫ ಮಿಲಿಮೀಟರ್ ಅಳತೆಯ ೮ ಭಾವಚಿತ್ರಗಳನ್ನು ಅಚ್ಚು ಮಾಡಬಹುದು.

ಈ ಕಸುಬಿನ ಲಾಭವನ್ನು ತಿನ್ನುವುದು ಶಾಯಿ. ಶಾಯಿ ಮುಗಿದಾಗಲೆಲ್ಲ ಹೊಸ ಕಾರ್ಟ್ರಿಜ್ ಕೊಳ್ಳುವ ಬದಲು, ಬಾಟಲಿಯ ಶಾಯಿಯನ್ನು ತುಂಬಿ ಮತ್ತೆ ಮತ್ತೆ ಬಳಸುವ ಕಾರ್ಟ್ರಿಜ್ ಇಟ್ಟುಕೊಂಡರೆ ಖರ್ಚು ಬಹಳ ತಗ್ಗುತ್ತದೆ. ಸಂಘದ ಸಾಲದಿಂದ ಪ್ರಿಂಟರ್ ಕೊಂಡವರಿಗೆ ಇದು ಸಣ್ಣ ಉಳಿತಾಯವಲ್ಲ. ಆದರೆ ಕ್ರಮ ತಿಳಿಯದೆ ತುಂಬಿದರೆ ಶಾಯಿಯಲ್ಲಿ ಉಳಿದ ಹಣ ಪ್ರಿಂಟರಿನಲ್ಲಿ ಹೋದೀತು. ಯಂತ್ರ ಕೆಟ್ಟು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಆದುದರಿಂದ ಈ ಪಾಠ.

ಯಂತ್ರ ಕೆಲಸ ಮಾಡುವ ಬಗೆ

ಪ್ರಿಂಟರಿನ ಒಳಗೆ ಅತ್ತಿಂದಿತ್ತ ಓಡಾಡುವ ಭಾಗಕ್ಕೆ ಹೆಡ್ ಎಂದು ಹೆಸರು. ಅದರಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳಿವೆ. ಎಪ್ಸನ್ ಪ್ರಿಂಟರುಗಳಲ್ಲಿ, ವಿದ್ಯುತ್ ಹರಿದಾಗ ಬಾಗುವ ಒಂದು ಪುಟ್ಟ ಬಿಲ್ಲೆ ಶಾಯಿಯನ್ನು ಹೊರಕ್ಕೆ ತಳ್ಳುತ್ತದೆ. ಕ್ಯಾನನ್ ಮತ್ತು ಎಚ್‌ಪಿ ಪ್ರಿಂಟರುಗಳಲ್ಲಿ ಕಾವಿನಿಂದ ಗುಳ್ಳೆ ಎದ್ದು ಶಾಯಿಯ ಹನಿ ಹೊರಚಿಮ್ಮುತ್ತದೆ.

ಎರಡಕ್ಕೂ ಶತ್ರು ಗಾಳಿ. ಪಂಪ್‌ಸೆಟ್ಟಿನ ಕೊಳವೆಯಲ್ಲಿ ಗಾಳಿ ಹೊಕ್ಕರೆ ನೀರು ಏರದಷ್ಟೆ? ಇಲ್ಲಿಯೂ ಹಾಗೆಯೇ. ಬಾವಿ ಬತ್ತಿದ ಮೇಲೂ ಪಂಪು ಓಡಿದರೆ ಕೆಡುವಂತೆ, ಶಾಯಿಯಿಲ್ಲದೆ ಓಡಿದ ಹೆಡ್ಡೂ ಕೆಡುತ್ತದೆ. ಕಾವಿನಿಂದ ನಡೆಯುವ ಹೆಡ್ಡಿಗಂತೂ ಅದನ್ನು ತಂಪಾಗಿಡುವುದೇ ಶಾಯಿ. ಕೆಲವು ಪ್ರಿಂಟರುಗಳಲ್ಲಿ ಹೆಡ್ ಕಾರ್ಟ್ರಿಜ್ಜಿಗೇ ಅಂಟಿರುತ್ತದೆ. ಕೆಟ್ಟರೆ ಕಾರ್ಟ್ರಿಜ್ ಮಾತ್ರ ನಷ್ಟ. ಹೆಡ್ ಪ್ರಿಂಟರಿನಲ್ಲೇ ಇದ್ದರೆ ನಷ್ಟ ದೊಡ್ಡದು. ನಿಮ್ಮದು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ.

ಚಿಪ್ ಎಂಬ ಗುಮಾಸ್ತ

ಕಾರ್ಟ್ರಿಜ್ಜಿನ ಮೈಮೇಲೆ ಚಿಪ್ ಎಂಬ ಸಣ್ಣ ತಗಡಿನಂಥ ಭಾಗವಿದೆ. ಇದು ಶಾಯಿಯನ್ನು ಅಳೆಯುತ್ತದೆಂದು ಅನೇಕರು ನಂಬಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಎಷ್ಟು ಹನಿ ಖರ್ಚಾಯಿತೆಂದು ಪ್ರಿಂಟರ್ ಎಣಿಸುತ್ತದೆ. ಆ ಲೆಕ್ಕ ಚಿಪ್ಪಿನಲ್ಲಿ ಉಳಿಯುತ್ತದೆ. ಇದು ಕಣಜವನ್ನು ಇಣಿಕಿ ನೋಡದೆ, ಹೊರಗೆ ಹೋದ ಚೀಲಗಳನ್ನಷ್ಟೇ ಬರೆಯುವ ಗುಮಾಸ್ತನಂತೆ.

ಮರುಬಳಕೆಯ ಕಾರ್ಟ್ರಿಜ್ಜಿನ ಚಿಪ್, ಲೆಕ್ಕ ಮುಗಿದೊಡನೆ ತಾನೇ ಹೊಸ ಪುಟ ತೆರೆದು ‘ತುಂಬಿದೆ’ ಎಂದು ಬರೆದುಕೊಳ್ಳುತ್ತದೆ. ನೀವು ಶಾಯಿ ಹಾಕಿದಿರೋ ಇಲ್ಲವೋ ಅದಕ್ಕೆ ತಿಳಿಯದು. ಪರದೆಯ ಮೇಲೆ ‘ತುಂಬಿದೆ’ ಎಂದಿರುತ್ತದೆ, ಒಳಗೆ ಶಾಯಿ ಬತ್ತಿರುತ್ತದೆ, ಹೆಡ್ ಗಾಳಿಯನ್ನು ಎಳೆಯುತ್ತಿರುತ್ತದೆ. ಆದುದರಿಂದ ಕೆಲಸಕ್ಕೆ ಮೊದಲು ಕಾರ್ಟ್ರಿಜ್ಜನ್ನು ಕಣ್ಣಾರೆ ನೋಡಬೇಕು. ಮೂರರಲ್ಲಿ ಒಂದು ಪಾಲು ಉಳಿದಿರುವಾಗಲೇ ತುಂಬಬೇಕು. ಆರು ಬಣ್ಣದ ಪ್ರಿಂಟರಿನಲ್ಲಿ ಮುಖದ ಬಣ್ಣಕ್ಕೆ ತಿಳಿ ಮಜೆಂಟಾ, ತಿಳಿ ಸಯಾನ್ ಶಾಯಿಗಳು ಹೆಚ್ಚು ಬೇಕಾಗುವುದರಿಂದ ಅವುಗಳ ಮೇಲೆ ವಿಶೇಷ ಗಮನವಿರಲಿ.

ತುಂಬುವ ಕ್ರಮ

೧. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ. ಒಂದೊಂದು ಬಣ್ಣಕ್ಕೂ ಬೇರೆ ಸಿರಿಂಜ್ ಇಟ್ಟು, ಅದರ ಮೇಲೆ ಬಣ್ಣದ ಹೆಸರು ಬರೆಯಿರಿ. ಒಂದು ಸಲಕ್ಕೆ ಒಂದೇ ಕಾರ್ಟ್ರಿಜ್ ತುಂಬಿ.

೨. ಗಾಳಿಯ ರಂಧ್ರವನ್ನು ಮುಚ್ಚಿ, ಶಾಯಿಯ ರಂಧ್ರವನ್ನು ತೆರೆಯಿರಿ. ನೊರೆ ಬಾರದಂತೆ ನಿಧಾನವಾಗಿ ಶಾಯಿ ಬಿಡಿ. ಕಂಠಪೂರ್ತಿ ತುಂಬಬೇಡಿ.

೩. ಶಾಯಿಯ ರಂಧ್ರವನ್ನು ಬಿಗಿಯಾಗಿ ಮುಚ್ಚಿ. ಅನಂತರ ಗಾಳಿಯ ರಂಧ್ರವನ್ನು ತಪ್ಪದೆ ತೆರೆಯಿರಿ. ಎಣ್ಣೆಯ ಡಬ್ಬಕ್ಕೆ ಎರಡು ತೂತು ಮಾಡಿದರೆ ತಾನೆ ಎಣ್ಣೆ ಸರಾಗವಾಗಿ ಸುರಿಯುವುದು? ಗಾಳಿಯ ರಂಧ್ರ ಮುಚ್ಚಿದ್ದರೆ ಕೆಲವು ಹಾಳೆಗಳ ಮೇಲೆ ಶಾಯಿ ನಿಲ್ಲುತ್ತದೆ. ಶಾಯಿಯ ರಂಧ್ರ ಸಡಿಲವಾಗಿದ್ದರೆ ಕೆಳಗೆ ಸೋರುತ್ತದೆ.

೪. ಚಿಪ್ಪಿನ ಹೊಳೆಯುವ ಭಾಗವನ್ನು ಬೆರಳಿನಿಂದ ಮುಟ್ಟಬೇಡಿ. ಕಾರ್ಟ್ರಿಜ್ ಕೂಡಿಸಿದ ಮೇಲೆ ‘ನಾಜಲ್ ಚೆಕ್’ ಎಂಬ ಪರೀಕ್ಷೆಯ ಹಾಳೆ ತೆಗೆಯಿರಿ. ಗೆರೆಗಳು ತುಂಡಾಗಿದ್ದರೆ ಒಂದು ಸಲ ‘ಹೆಡ್ ಕ್ಲೀನಿಂಗ್’ ಮಾಡಿ ಮತ್ತೆ ನೋಡಿ. ಎರಡು ಮೂರು ಸಲಕ್ಕೂ ಸರಿಯಾಗದಿದ್ದರೆ ರಾತ್ರಿಯೆಲ್ಲ ಹಾಗೆಯೇ ಬಿಟ್ಟು ಬೆಳಿಗ್ಗೆ ನೋಡಿ. ಪ್ರತಿ ಶುದ್ಧಿಯಲ್ಲೂ ಶಾಯಿ ವ್ಯರ್ಥವಾಗಿ ಒಳಗಿನ ಹೀರುಮೆತ್ತೆಗೆ ಇಳಿಯುತ್ತದೆ. ಆ ಮೆತ್ತೆಯ ಲೆಕ್ಕ ತುಂಬಿದಾಗ ಪ್ರಿಂಟರೇ ನಿಲ್ಲುತ್ತದೆ.

ಯಾವ ಶಾಯಿ?

ಶಾಯಿಯಲ್ಲಿ ಎರಡು ಜಾತಿ. ನೀರಿನಲ್ಲಿ ಕರಗಿರುವ ಡೈ ಶಾಯಿ ಹೊಳಪಿನ ಕಾಗದದ ಮೇಲೆ ಅಂದವಾಗಿ ಕಾಣುತ್ತದೆ. ಆದರೆ ನೀರಿಗೆ ಹರಡಬಹುದು, ಬಿಸಿಲಿಗೆ ಬೇಗ ಮಾಸಬಹುದು. ನುಣ್ಣನೆಯ ಬಣ್ಣದ ಕಣಗಳುಳ್ಳ ಪಿಗ್ಮೆಂಟ್ ಶಾಯಿ ಹೆಚ್ಚು ಕಾಲ ಬಾಳುತ್ತದೆ. ನಿಮ್ಮ ಪ್ರಿಂಟರಿಗೆ ಹೇಳಿದ ಜಾತಿಯನ್ನೇ ಬಳಸಿ. ಎರಡನ್ನೂ ಬೆರೆಸಿದರೆ ಗರಣೆ ಕಟ್ಟಿ ರಂಧ್ರ ಮುಚ್ಚೀತು. ಪೆನ್ನಿನ ಶಾಯಿಯನ್ನು ಎಂದಿಗೂ ಹಾಕಕೂಡದು. ಗ್ಯಾರಂಟಿಯ ಅವಧಿ ಮುಗಿಯದಿದ್ದರೆ ಅದರ ಷರತ್ತುಗಳನ್ನು ಮೊದಲು ಓದಿಸಿ ಕೇಳಿ.

ಕರೆಂಟು ಹೋದಾಗ

ಅಚ್ಚಿನ ನಡುವೆ ಕರೆಂಟು ಹೋದರೆ ಹೆಡ್ ತನ್ನ ಮುಚ್ಚಳದ ಮೇಲೆ ಕೂರದೆ ನಡುದಾರಿಯಲ್ಲಿ ನಿಂತು ಒಣಗುತ್ತದೆ. ಕರೆಂಟು ಬಂದ ಕೂಡಲೆ ಪ್ರಿಂಟರನ್ನು ಚಾಲೂ ಮಾಡಿ, ಹೆಡ್ ಸ್ವಸ್ಥಾನಕ್ಕೆ ಹೋದ ಮೇಲೆ ಪ್ರಿಂಟರಿನ ಗುಂಡಿಯಿಂದಲೇ ಆರಿಸಿ. ಗೋಡೆಯ ಸ್ವಿಚ್ಚಿನಿಂದ ಆರಿಸುವ ಅಭ್ಯಾಸ ಬೇಡ. ಗಿರಾಕಿಗಳಿಲ್ಲದಿದ್ದರೂ ವಾರಕ್ಕೊಮ್ಮೆ ಒಂದು ಸಣ್ಣ ಬಣ್ಣದ ಚಿತ್ರ ತೆಗೆಯಿರಿ. ಬೇಸಗೆಯಲ್ಲಿ ಇದನ್ನು ಮರೆಯಲೇಬಾರದು.

೨೦೧೦ರಲ್ಲಿ ಎಪ್ಸನ್ ಸಂಸ್ಥೆ ಇಂಡೊನೇಷ್ಯದಲ್ಲಿ ಶಾಯಿಯ ತೊಟ್ಟಿಗಳುಳ್ಳ ಪ್ರಿಂಟರನ್ನು ಮಾರಾಟಕ್ಕೆ ತಂದಿತು. ಇಂಥವು ಈಗ ನಮ್ಮಲ್ಲಿಯೂ ದೊರೆಯುತ್ತವೆ; ಹೊಸದಾಗಿ ಕೊಳ್ಳುವವರು ಇದನ್ನೂ ವಿಚಾರಿಸಬಹುದು. ಅಲ್ಲಿಯೂ ಕೆಳಗಿನ ಗೆರೆಗಿಂತ ಶಾಯಿ ಇಳಿಯದಂತೆ ನೋಡುವ ಕಣ್ಣು ನಿಮ್ಮದೇ.

ಒಂದು ಪುಸ್ತಕದಲ್ಲಿ ತಾರೀಖು, ತುಂಬಿದ ಬಣ್ಣ, ತೆಗೆದ ಹಾಳೆಗಳ ಸಂಖ್ಯೆ ಬರೆದಿಡಿ. ಚಿಪ್ಪಿನ ಲೆಕ್ಕ ತಪ್ಪಿದರೂ ನಿಮ್ಮ ಲೆಕ್ಕ ಯಂತ್ರವನ್ನು ಉಳಿಸುತ್ತದೆ.

ಚರ್ಚೆಗೆ ಪ್ರಶ್ನೆಗಳು

೧. ಪರದೆಯಲ್ಲಿ ‘ತುಂಬಿದೆ’ ಎಂದಿದ್ದರೂ ಮುಖಗಳು ಕೆಂಪಾಗಿ ಬಂದರೆ ಮೊದಲು ಏನನ್ನು ನೋಡಬೇಕು?
೨. ಗಾಳಿಯ ರಂಧ್ರವನ್ನು ತೆರೆಯಲು ಮರೆತರೆ ಏನಾಗುತ್ತದೆ?
೩. ನಿಮ್ಮ ಊರಿನ ಪ್ರಿಂಟರಿನಲ್ಲಿ ಒಂದು ಭಾವಚಿತ್ರಕ್ಕೆ ಶಾಯಿ, ಕಾಗದಗಳ ಖರ್ಚು ಎಷ್ಟು? ಲೆಕ್ಕ ಹಾಕಿ ನೋಡಿ.