ಪ್ರತಿ ವಿದ್ಯಾರ್ಥಿನಿಗೂ ಒಂದೊಂದು ಗಣಕಯಂತ್ರ

ಹಿಂದಿನ ಹಳೆ ವಿದ್ಯಾರ್ಥಿನಿಯರ ಕೂಟದಲ್ಲಿ ನಮ್ಮ ಮುಂದೆ ಒಂದು ಔದಾರ್ಯದ ಸೂಚನೆಯು ಬಂದಿತು. ನಮ್ಮಲ್ಲಿ ಓದಿ ಹೋದ ಕೆಲವರು ಒಟ್ಟುಗೂಡಿ, ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿನಿಯ ಕೈಗೂ ಲ್ಯಾಪ್‌ಟಾಪ್ ಎಂಬ ಸಣ್ಣ ಗಣಕಯಂತ್ರವೊಂದನ್ನು ಕೊಡಿಸಬೇಕೆಂದು ಯೋಚಿಸಿರುವರು. ಹೆತ್ತವರಲ್ಲಿ ಕೆಲವರು ಇದನ್ನು ಕೇಳಿ ಸಂತೋಷಪಟ್ಟರು. ಕೆಲವರು ಹುಬ್ಬು ಗಂಟಿಕ್ಕಿದರು. ಅನ್ಯ ದೇಶಗಳಲ್ಲಿ ಇಂಥ ಕಾರ್ಯವನ್ನು ಕೈಕೊಂಡವರಿಗೆ ಏನಾಯಿತೆಂದು ವಿಚಾರಿಸಿದ ಹೊರತು ಉತ್ತರ ಹೇಳಲಾರೆವೆಂದು ನಾವು ಆ ದಿನ ಬಿನ್ನವಿಸಿಕೊಂಡೆವು. ಆ ಸಾಲವನ್ನು ಈಗ ತೀರಿಸುತ್ತೇವೆ.

ಅಮೇರಿಕಾ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ಮೇಯ್ನ್ ಎಂಬ ರಾಜ್ಯವಿರುವದು. ಅಲ್ಲಿಯ ಗವರ್ನರಾಗಿದ್ದ ಆಂಗಸ್ ಕಿಂಗ್ ಎಂಬವರು 2000ನೆಯ ಇಸವಿಯಲ್ಲಿ ಈ ಯೋಜನೆಯನ್ನು ಮುಂದಿಟ್ಟಾಗ ಜನರು ಬಹಳವಾಗಿ ಆಕ್ಷೇಪಿಸಿದರು. ಆದರೂ 2002ರಲ್ಲಿ ಏಳನೆಯ ತರಗತಿಯ ಎಲ್ಲಾ ಮಕ್ಕಳಿಗೂ, ಮಾರನೆಯ ವರುಷ ಎಂಟನೆಯ ತರಗತಿಯವರಿಗೂ ಸರಕಾರದಿಂದ ಯಂತ್ರಗಳು ದೊರೆತವು. ಮಕ್ಕಳಂತೆ ಉಪಾಧ್ಯಾಯರಿಗೂ ಯಂತ್ರವು ಸಿಕ್ಕಿತು, ಅವರಿಗೆ ತರಬೇತಿಯನ್ನೂ ಏರ್ಪಡಿಸಿದರು.

ಫಲವೇನಾಯಿತು? ಆ ರಾಜ್ಯದ ಬರವಣಿಗೆಯ ಪರೀಕ್ಷೆಯಲ್ಲಿ 2000ದಲ್ಲಿ ಎಂಟನೆಯ ತರಗತಿಯವರೊಳಗೆ ಸುಮಾರು ನೂರಕ್ಕೆ 29 ಮಂದಿ ತಕ್ಕ ಮಟ್ಟವನ್ನು ಮುಟ್ಟಿದ್ದರೆ, 2005ರಲ್ಲಿ ಸುಮಾರು 41 ಮಂದಿ ಮುಟ್ಟಿದರು. ಇದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದದ್ದು ಇನ್ನೊಂದು ಸಂಗತಿ. ಮೊದಲನೆಯ ಕರಡಿನಿಂದ ಹಿಡಿದು ತಿದ್ದುವಿಕೆಯ ತನಕ ಎಲ್ಲವನ್ನೂ ಯಂತ್ರದಲ್ಲಿ ನಡಿಸಿದ ಮಕ್ಕಳೇ ಹೆಚ್ಚಾಗಿ ಮುಂದುವರಿದಿದ್ದರು. ಕಾಗದದಲ್ಲಿ ಬರೆದು ಮುಗಿಸಿದ್ದನ್ನು ಅಂದವಾಗಿ ನಕಲು ಮಾಡುವದಕ್ಕೆ ಮಾತ್ರ ಯಂತ್ರವನ್ನು ಬಳಸಿದವರಿಗೆ ಅಷ್ಟು ಪ್ರಯೋಜನ ಕಾಣಲಿಲ್ಲ. ನಮ್ಮ ಹುಡುಗಿಯರ ಪ್ರಬಂಧಗಳನ್ನು ನೋಡಿದವರಿಗೆ ಇದು ಅರ್ಥವಾದೀತು. ಕೆಂಪು ಶಾಯಿಯಿಂದ ನಾವು ಗುರುತು ಮಾಡಿ ಕೊಟ್ಟರೆ, ಇಡೀ ಪ್ರಬಂಧವನ್ನು ಪುನಃ ಬರೆಯಬೇಕಲ್ಲಾ ಎಂಬ ಬೇಸರದಿಂದ ಹುಡುಗಿಯು ತಪ್ಪಿದ ಅಕ್ಷರಗಳನ್ನಷ್ಟೇ ಸರಿಪಡಿಸುತ್ತಾಳೆ. ತಪ್ಪಿದ ವಿಚಾರವನ್ನು ಮುಟ್ಟುವದಿಲ್ಲ. ಯಂತ್ರದಲ್ಲಾದರೆ ಒಂದು ವಾಕ್ಯವೃಂದವನ್ನು ಎತ್ತಿ ಬೇರೆ ಕಡೆಗೆ ಇಡುವದು ಕ್ಷಣದ ಕೆಲಸ.

ಈಗ ದಕ್ಷಿಣ ಅಮೇರಿಕದ ಪೆರು ದೇಶಕ್ಕೆ ಬರೋಣ. ನಿಕೊಲಸ್ ನೆಗ್ರೊಪಾಂಟೆ ಎಂಬವರ ಪ್ರೇರಣೆಯಿಂದ ಹುಟ್ಟಿದ ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂಬ ಚಳುವಳಿಯ ಹಸುರು ಬಿಳುಪು ಬಣ್ಣದ ಯಂತ್ರಗಳನ್ನು ಆ ದೇಶದವರು 2008ರಿಂದ 8 ಲಕ್ಷಕ್ಕೂ ಮೇಲ್ಪಟ್ಟು ಹಂಚಿದರು. ಮೊದಲಾಗಿ ಬಡ ಹಳ್ಳಿಗಳ ಶಾಲೆಗಳಿಗೇ ಕೊಟ್ಟರು. ಉದ್ದೇಶವು ಶ್ಲಾಘ್ಯವೇ. ಆದರೆ 2012ರಲ್ಲಿ ಪ್ರಕಟವಾದ ಪರಿಶೋಧನೆಯು 319 ಶಾಲೆಗಳನ್ನು ಹೋಲಿಸಿ ನೋಡಿದಾಗ, ಗಣಿತದಲ್ಲಿಯಾಗಲಿ ಭಾಷೆಯಲ್ಲಿಯಾಗಲಿ ಯಂತ್ರವಿದ್ದ ಮಕ್ಕಳು ಇಲ್ಲದವರಿಗಿಂತ ಮುಂದಿರಲಿಲ್ಲ. ತರ್ಕಬುದ್ಧಿಯ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಏರಿಕೆಯು ಕಂಡಿತು. ಮಕ್ಕಳು ಯಂತ್ರವನ್ನು ಬಳಸಲಿಲ್ಲವೆಂದಲ್ಲ, ಬಳಸಿದರು. ಆದರೆ ಪಾಠ ಹೇಳುವ ಕ್ರಮವು ಇದ್ದಂತೆಯೇ ಇತ್ತು. ಹಳ್ಳಿಯ ಶಾಲೆಗಳಲ್ಲಿ ಹೆಚ್ಚಿನವಕ್ಕೆ ಅಂತರ್ಜಾಲದ ಸಂಪರ್ಕವಿರಲಿಲ್ಲ. ಕಳೆದುಹೋದರೆ ದಂಡ ತೆರಬೇಕಾದೀತೆಂಬ ಹೆದರಿಕೆಯಿಂದ ಅನೇಕ ಕಡೆಗಳಲ್ಲಿ ಯಂತ್ರವನ್ನು ಮನೆಗೆ ಒಯ್ಯಗೊಡಲೇ ಇಲ್ಲ.

ಬಡವರು ಮಾತ್ರ ಎಡವಿದರೆಂದು ಯಾರೂ ತಿಳಿಯಬಾರದು. ಲಾಸ್ ಏಂಜಲೀಸ್ ನಗರದ ಶಾಲಾಮಂಡಲಿಯು 2013ರಲ್ಲಿ ಅಪಾರ ದ್ರವ್ಯದಿಂದ ಐಪ್ಯಾಡುಗಳನ್ನು ಹಂಚತೊಡಗಿದಾಗ, ಅವುಗಳೊಳಗೆ ತುಂಬಿಸಬೇಕಾದ ಪಾಠಗಳೇ ಪೂರ್ತಿ ಸಿದ್ಧವಾಗಿರಲಿಲ್ಲ. ಹಾಕಿದ ನಿರ್ಬಂಧಗಳನ್ನು ವಿದ್ಯಾರ್ಥಿಗಳು ಕೆಲವೇ ದಿನಗಳಲ್ಲಿ ಬಿಚ್ಚಿಬಿಟ್ಟರು. (ಹದಿನಾರು ವರುಷದವರ ಕೈಗೆ ಬೀಗವನ್ನೂ ಬಿಡುವನ್ನೂ ಒಟ್ಟಿಗೆ ಕೊಟ್ಟರೆ ಇನ್ನೇನಾದೀತು!) 2014ರಲ್ಲಿ ಆ ಒಪ್ಪಂದವನ್ನು ನಿಲ್ಲಿಸಬೇಕಾಯಿತು.

ಇವೆಲ್ಲವನ್ನು ನೋಡಿ, ಯಂತ್ರವು ಬೇಡವೆನ್ನುವದು ಸುಲಭ. ನಾವು ಹಾಗೆನ್ನಲಾರೆವು, ಯಾಕಂದರೆ 2020ನೆಯ ಇಸವಿಯನ್ನು ನಾವು ಮರೆತಿಲ್ಲ. ಶಾಲೆಗಳು ಮುಚ್ಚಿ ಪಾಠಗಳು ಫೋನಿನ ಮೂಲಕ ನಡೆದಾಗ, ಮನೆಯಲ್ಲಿದ್ದ ಒಂದೇ ಫೋನು ಮೊದಲು ಅಣ್ಣನಿಗೆ, ಬಳಿಕ ತಮ್ಮನಿಗೆ, ಅನಂತರ ಮನೆಗೆಲಸವು ತೀರಿದ ಮೇಲೆ ಹುಡುಗಿಗೆ ದೊರೆಯುತ್ತಿತ್ತು. ರಾತ್ರಿ ಹತ್ತು ಗಂಟೆಗೆ ಉತ್ತರಗಳನ್ನು ಕಳುಹಿಸುತ್ತಿದ್ದವಳನ್ನು ಮೈಗಳ್ಳಿಯೆಂದು ನಾವು ಗದರಿಸಿದ್ದೂ ಉಂಟು. ಕಾರಣವು ತಿಳಿದಂದು ನಾಚಿಕೆಪಟ್ಟೆವು. ಅವಳ ಹೆಸರಿನಲ್ಲಿಯೇ ಒಂದು ಯಂತ್ರವಿರುವದೆಂಬುದು ಹುಡುಗಿಯರ ಶಾಲೆಯಲ್ಲಿ ಸಣ್ಣ ಮಾತಲ್ಲ.

ನಮ್ಮಲ್ಲಿ ಇನ್ನೊಂದು ಕಷ್ಟವುಂಟು. ಅದು ಮೇಯ್ನ್ ರಾಜ್ಯದವರಿಗೆ ಇದ್ದಿಲ್ಲ. ಇಂಗ್ಲಿಷಿಗೆ 26 ಅಕ್ಷರಗಳು, ಅವು ಕೀಲಿಗಳ ಮೇಲೆಯೇ ಅಚ್ಚಾಗಿರುತ್ತವೆ. ಕನ್ನಡದಲ್ಲಿ ಒಂದು ಒತ್ತಕ್ಷರಕ್ಕೆ ಮೂರು ಸಲ ಕೀಲಿಗಳನ್ನು ಒತ್ತಬೇಕು. ಯಾವ ಅಕ್ಷರವು ಎಲ್ಲಿರುವದೆಂಬುದನ್ನು ನೆನಪಿನಲ್ಲಿಡಬೇಕು. ಅಭ್ಯಾಸವಿಲ್ಲದವಳು ‘ಲಕ್ಷ್ಮಿ’ ಎಂದು ಬರೆಯುವಷ್ಟರಲ್ಲಿ ಹೇಳಬೇಕಾದ ಮಾತನ್ನೇ ಮರೆತಾಳು. ಆದಕಾರಣ ಶ್ರೀ ಕೆ. ಪಿ. ರಾವ್ ಅವರ ಕೀಲಿವಿನ್ಯಾಸವೊಂದನ್ನೇ ಹಿಡಿದು, ಹಿಂದೆ ಕಾಪಿಪುಸ್ತಕವನ್ನು ಬರೆಯಿಸುತ್ತಿದ್ದಂತೆ ದಿನಾಲು ಇಪ್ಪತ್ತು ನಿಮಿಷ ಸಾಧನೆ ಮಾಡಿಸದೆ, ಕನ್ನಡ ಪ್ರಬಂಧಕ್ಕೆ ಯಂತ್ರವನ್ನು ತರತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ.

ಆದುದರಿಂದ ದಾನಿಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ: ಎಲ್ಲರಿಗೂ ಒಮ್ಮೆಲೆ ಕೊಡಬೇಡಿರಿ. ಮೊದಲು ಉಪಾಧ್ಯಾಯಿನಿಯರಿಗೆ ಕೊಟ್ಟು ಒಂದು ವರುಷ ಬಿಡಿರಿ; ನಮ್ಮಲ್ಲಿ ಕೆಲವರಿಗೆ ಹುಡುಗಿಯರ ಮುಂದೆ ತಪ್ಪು ಮಾಡುವ ಭಯವು ಹೋಗಬೇಕಾಗಿದೆ. ಆ ಮೇಲೆ ಎಂಟನೆಯ ತರಗತಿಯ ಒಂದು ವಿಭಾಗಕ್ಕೆ ಮಾತ್ರ ಕೊಡಿರಿ. ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ದುರಸ್ತಿಗೂ ಹೊಸ ಬ್ಯಾಟರಿಗಳಿಗೂ ಮೀಸಲಾಗಿಡಿರಿ; ಮಳೆಗಾಲದಲ್ಲಿ ಪುಸ್ತಕದ ಚೀಲಗಳು ನೆನೆಯುವದನ್ನು ನೀವೆಲ್ಲರೂ ಬಲ್ಲಿರಿ.

ಯಂತ್ರವನ್ನು ಮನೆಗೆ ಕಳುಹಿಸುವ ವಿಷಯವು ಇನ್ನೂ ತೀರ್ಮಾನವಾಗಿಲ್ಲ. ಕಳುಹಿಸಬೇಕೆಂದೇ ನಮ್ಮ ಮನಸ್ಸು. ಆದರೆ ಸಂಜೆ ಮನೆಯಲ್ಲಿ ಅದು ಯಾರ ಕೈಯಲ್ಲಿರುವದೆಂಬುದನ್ನು ನಾವು ಗೊತ್ತುಮಾಡಲಾರೆವು, ತಾಯಿತಂದೆಗಳು ಗೊತ್ತುಮಾಡಬೇಕು. ಅದಕ್ಕಾಗಿ ಆ ವಿಭಾಗದ ಹೆತ್ತವರನ್ನು ಒಂದು ಶನಿವಾರ ಶಾಲೆಗೆ ಕರೆಯುವೆವು. ಅಣ್ಣತಮ್ಮಂದಿರನ್ನೂ ಜೊತೆಗೆ ಕರೆತಂದರೆ ಒಳ್ಳೆಯದು.