ಸವೆದ ನುಡಿ

‘ದಂಡು’ ಎಂದರೆ ಸೈನ್ಯ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ತಮ್ಮ ಪಡೆಯನ್ನು ಹಲಸೂರಿಗೆ ತಂದು ನೆಲೆಗೊಳಿಸಿದರು. ಬೆಂಗಳೂರಿನ ಆ ಭಾಗವು ದಂಡು ಎನಿಸಿಕೊಂಡಿತು. ಇಂದು ಶಿವಾಜಿನಗರದ ವರ್ತಕನಾಗಲಿ, ದಂಡು ರೈಲು ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನಾಗಲಿ ಈ ಮಾತನ್ನಾಡುವಾಗ ಪರರ ಸೈನ್ಯವನ್ನು ನೆನೆಯುವುದಿಲ್ಲ. ನಿತ್ಯಬಳಕೆಯಿಂದ ಪದದ ಮೊನೆಯು ಸವೆದಿದೆ. ಸ್ಥಳನಾಮವು ಹೀಗೆ ಸವೆದರೆ ಹಾನಿಯಿಲ್ಲ. ಆದರೆ ಅಧಿಕಾರದ ಅನ್ಯಾಯವನ್ನು ತೋರಿಸಿ ಜನರನ್ನು ಎಚ್ಚರಿಸಬೇಕಾದ ಪದವು ಸವೆದರೆ ಹಾನಿಯು ದೊಡ್ಡದು. ‘ತುರ್ತು ಪರಿಸ್ಥಿತಿ’ ಎಂಬುದು ಅಂತಹ ಪದ.

1975ರ ಜೂನ್ 25ರ ರಾತ್ರಿ ಘೋಷಿತವಾಗಿ 1977ರ ಮಾರ್ಚ್ 21ರವರೆಗೆ ನಡೆದ ಆ ಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಲಾಯಿತು. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡಲಾಯಿತು. ಸೆರೆಯು ಅಕ್ರಮವೆಂದು ನ್ಯಾಯಾಲಯದ ಮೊರೆಹೋಗುವ ದಾರಿಯನ್ನೂ 1976ರ ಏಪ್ರಿಲ್ 28ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಮುಚ್ಚಿತು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಅದೇ ವರ್ಷ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಉಬ್ಬಸದಿಂದ ಬಳಲಿದ ಅವರು 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು 20ರಂದು ತೀರಿಕೊಂಡರು. ಈ ಒಂದು ಪದದೊಳಗೆ ಇಷ್ಟು ಸಂಕಟವು ಅಡಗಿದೆ.

ಆ ಕಾರಾಗೃಹವಿದ್ದ ಸ್ಥಳವೇ ಇಂದಿನ ಫ್ರೀಡಂ ಪಾರ್ಕ್. ನಗರದ ಪ್ರತಿಭಟನೆಗಳು ಸೇರುವುದೂ ಅಲ್ಲಿಯೇ. ಈಗ ಒಂದು ಪಕ್ಷವು ಕೇಂದ್ರದ ಆಡಳಿತವನ್ನೂ ಮತ್ತೊಂದು ಪಕ್ಷವು ರಾಜ್ಯದ ಆಡಳಿತವನ್ನೂ ‘ಅಘೋಷಿತ ತುರ್ತು ಪರಿಸ್ಥಿತಿ’ ಎಂದು ಹಳಿಯುವುದು ವಾಡಿಕೆಯಾಗಿದೆ. ಸಣ್ಣ ಕಿರುಕುಳಕ್ಕೂ ಘೋರ ದಬ್ಬಾಳಿಕೆಗೂ ಒಂದೇ ಹೆಸರಾದಾಗ ಎರಡು ನಷ್ಟಗಳು ಒದಗುತ್ತವೆ. ಹಿಂದೆ ನೊಂದವರ ನೋವು ಹಗುರವಾಗುತ್ತದೆ. ಮುಂದೆ ನಿಜವಾದ ವಿಪತ್ತು ಬಂದಾಗ ಕೂಗಿದರೂ ಕೇಳುವವರಿರುವುದಿಲ್ಲ.

ವಿಪತ್ತು ಬರುವ ಮುನ್ನವೇ ಎಚ್ಚರಿಸಬೇಡವೇ ಎಂದು ಕೇಳಬಹುದು. ಎಚ್ಚರಿಸಲೇಬೇಕು. ಆದರೆ ಎಚ್ಚರಿಸುವವನು ನಡೆದುದನ್ನು ನಡೆದಂತೆ ಹೇಳಲಿ: ಯಾರನ್ನು ಬಂಧಿಸಿದರು, ಯಾವ ಕಾನೂನಿನ ಮೇರೆಗೆ, ನ್ಯಾಯಾಲಯದ ಬಾಗಿಲು ಅವನಿಗೆ ತೆರೆದಿದೆಯೇ? ಇಂತಹ ಮಾತನ್ನು ಅಲ್ಲಗಳೆಯುವುದು ಆಳುವವರಿಗೆ ಕಷ್ಟ. ಬರಿಯ ಬಿರುನುಡಿಯನ್ನು ತಳ್ಳಿಹಾಕುವುದು ಸುಲಭ.

ಇನ್ನೊಂದು ಸಂಗತಿಯೂ ವಿಚಾರಾರ್ಹವಾದುದು. 1975ರ ಘೋಷಣೆಗೆ ಆಧಾರವಾದುದು ಸಂವಿಧಾನದಲ್ಲಿದ್ದ ‘ಆಂತರಿಕ ಕ್ಷೋಭೆ’ ಎಂಬ ಸಡಿಲವಾದ ಮಾತು. ಏನನ್ನು ಬೇಕಾದರೂ ಅದರೊಳಗೆ ತುಂಬಬಹುದಾಗಿತ್ತು. 1978ರ 44ನೆಯ ತಿದ್ದುಪಡಿಯು ಅದನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂಬ ಬಿಗಿಯಾದ ಮಾತನ್ನಿಟ್ಟಿತು. ಸಡಿಲವಾದ ನುಡಿಯು ಆಳುವವನಿಗೆ ಅಸ್ತ್ರವಾಗುತ್ತದೆ, ಅಳತೆಯುಳ್ಳ ನುಡಿಯು ಪ್ರಜೆಗೆ ಆಸರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಶರಣರು ನುಡಿಯನ್ನು ನಡೆಯ ಒರೆಗಲ್ಲಿಗೆ ಹಚ್ಚಿ ನೋಡಿದರು. ಲೋಕವ್ಯವಹಾರದ ನುಡಿಗೂ ಒರೆಗಲ್ಲು ಅದೇ. ಭಾರವಾದ ಪದವನ್ನು ಭಾರವಾದ ಕಾರ್ಯಕ್ಕಾಗಿ ಕಾದಿಡುವುದು ಮೌನವಲ್ಲ, ಅಂಜಿಕೆಯೂ ಅಲ್ಲ. ಅದು ಸತ್ಯಕ್ಕೆ ಸಲ್ಲಿಸುವ ಗೌರವ.