ಸ್ವಿಚ್ಚಿಗೆ ಕೈ ಕೊನೆಗೆ: ಹಳೆಯ 486 ಎಬ್ಬಿಸುವವನಿಗೆ ಕಿವಿಮಾತು

ಅಜ್ಜನ ಪ್ರೆಸ್ಸಿನ 486 ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಸಂತೋಷ ಕಣಪ್ಪ. ಪ್ಲಗ್ ಮಾತ್ರ ಇನ್ನೂ ಚುಚ್ಚಬೇಡ. ಇಷ್ಟು ವರ್ಷ ಸುಮ್ಮನೆ ಕೂತ ಯಂತ್ರಕ್ಕೆ ಒಮ್ಮೆಲೇ ಕರೆಂಟ್ ಕೊಟ್ಟರೆ, ಚೆನ್ನಾಗಿ ಉಳಿದಿದ್ದ ಭಾಗಗಳೂ ಸುಟ್ಟುಹೋಗಬಹುದು. ವಾರ ತಡವಾದರೂ ಪರವಾಗಿಲ್ಲ, ಕೆಳಗಿನ ಸಾಲಿನಲ್ಲೇ ಹೋಗು.

• ಮುಚ್ಚಳ ಬಿಚ್ಚಿದ ಕೂಡಲೇ ನಾಲ್ಕೂ ಕಡೆಯಿಂದ ಫೋಟೋ ಹೊಡಿ. ಕೇಬಲ್ಲಿನ ಕೆಂಪು ಅಂಚು ಯಾವ ಕಡೆಗಿತ್ತು, ಜಂಪರ್ ಎಲ್ಲಿತ್ತು ಅನ್ನುವುದೆಲ್ಲ ನಾಳೆಗೆ ಮರೆತಿರುತ್ತದೆ. ಧೂಳಿಗೆ ಒಣ ಪೇಂಟ್ ಬ್ರಷ್ ಸಾಕು. ಬೋರ್ಡ್ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬರಿ ತಗಡನ್ನು ಮುಟ್ಟು. ಮೈಯ ಸ್ಟ್ಯಾಟಿಕ್ ಇಳಿಯಲಿ.

• ಮೊದಲ ಶತ್ರು ಬ್ಯಾಟರಿ. ಕೀಬೋರ್ಡ್ ಸಾಕೆಟ್ಟಿನ ಹತ್ತಿರ ಪುಟ್ಟ ಪೀಪಾಯಿಯಂಥದ್ದೊಂದನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ಹೆಚ್ಚಾಗಿ ನೀಲಿ ಇಲ್ಲವೇ ಹಸಿರು ಬಣ್ಣದ್ದು. 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ. ಗಡಿಯಾರ ಮತ್ತು ಸೆಟಪ್ ನೆನಪಿಡುವುದು ಅದರ ಕೆಲಸ. ವಯಸ್ಸಾದ ಮೇಲೆ ಸೋರುವುದೂ ಅದರದೇ ಕೆಲಸ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿಂದು ಹಸಿರು ಕಿಲುಬು ಬಿಡುತ್ತದೆ. ಸೋರಿರಲಿ, ಬಿಡಲಿ, ಕತ್ತರಿಸಿ ತೆಗೆ. ಕ್ಷಾರಕ್ಕೆ ಹುಳಿಯೇ ಮದ್ದು: ಬಿಳಿ ವಿನೆಗರಿನಲ್ಲಿ ಅದ್ದಿದ ಹಳೆ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜು. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಎರಡು ದಿನ ಒಣಗಲಿ. ಬಳಿಕ ಮಲ್ಟಿಮೀಟರನ್ನು ಬಜರ್‌ಗೆ ಇಟ್ಟು ಆ ಮೂಲೆಯ ಗೆರೆಗಳನ್ನು ಒಂದೊಂದಾಗಿ ನೋಡು. ತುಂಡಾಗಿದ್ದ ಕಡೆ ಎಳೆತಂತಿ ಬೆಸೆಯಬೇಕು.

• ಆ ಜಾಗಕ್ಕೆ ಕಾಯಿನ್ ಸೆಲ್ ಬೆಸೆದುಬಿಡಬೇಡ. ಬೋರ್ಡು ಹಳೆಯ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು, ಕಾಯಿನ್ ಸೆಲ್ಲನ್ನೂ ಮಾಡಹೋಗುತ್ತದೆ. ಅದು ಉಬ್ಬುತ್ತದೆ, ಒಡೆಯಲೂಬಹುದು. ಹೆಚ್ಚಿನ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್ನಿನ ಜಾಗ ಇರುತ್ತದೆ. ಅಲ್ಲಿಗೆ ಪೆನ್‌ಸೆಲ್ ಹೋಲ್ಡರ್ ಕೊಡು, ವೈರ್ ಉದ್ದ ಬಿಟ್ಟು ಹೋಲ್ಡರನ್ನು ಬೋರ್ಡಿನಿಂದ ದೂರ ಕಟ್ಟು. ಪೀಪಾಯಿಯ ಬದಲು ಡಲ್ಲಾಸ್ ಅಂತ ಬರೆದ ಕಪ್ಪು ಇಟ್ಟಿಗೆಯಂಥ ಚಿಪ್ ಇದ್ದರೆ ಸೆಲ್ಲು ಅದರ ಹೊಟ್ಟೆಯೊಳಗೇ ಇದೆ, ಎಂದೋ ಸತ್ತಿರುತ್ತದೆ. ಪುಣ್ಯಕ್ಕೆ ಅದು ಸೋರುವುದಿಲ್ಲ.

• ಇನ್ನು ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಡಬ್ಬಿ. ಇಲ್ಲಿ ಹುಡುಗಾಟ ಬೇಡ. 230 ವೋಲ್ಟ್ ಎಸಿ ಒಳಗೆ ಹೋಗಿ 320ರ ಮೇಲೆ ಡಿಸಿ ಆಗಿ ದೊಡ್ಡ ಎರಡು ಕೆಪಾಸಿಟರುಗಳಲ್ಲಿ ಕೂರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೌರ್ಯ ಬೇಡ, ರೆಸಿಸ್ಟರ್ ಮೂಲಕ ಇಳಿಸು. ಮೇನ್ಸ್ ಬರುವ ಬಾಯಲ್ಲೇ ಜೇನುಬಣ್ಣದ ಪಾರದರ್ಶಕ ಡಬ್ಬಿಯಂಥ ರೀಫಾ ಕೆಪಾಸಿಟರ್ ಇದ್ದರೆ ಟಾರ್ಚ್ ಬಿಟ್ಟು ನೋಡು: ಮೈತುಂಬ ಕೂದಲೆಳೆಯ ಬಿರುಕು ಕಾಣುತ್ತದೆ. ಬಿರುಕಿನಿಂದ ಒಳಗಿನ ಕಾಗದ ತೇವ ಹೀರಿರುತ್ತದೆ, ಕರೆಂಟ್ ಕೊಟ್ಟರೆ ಮನೆಯೆಲ್ಲ ಹೊಗೆ. ಅಷ್ಟೇ ಮೈಕ್ರೋಫ್ಯಾರಡ್‌ನ, ಎಕ್ಸ್2 ಅಂತ ಬರೆದದ್ದನ್ನೇ ತಂದು ಹಾಕು. ಅಮೆರಿಕದಿಂದ ಬಂದ ಸೆಟ್ ಆಗಿದ್ದರೆ ಹಿಂದಿನ ಕೆಂಪು ಸ್ವಿಚ್ 115ರಲ್ಲಿರುತ್ತದೆ. 230ಕ್ಕೆ ತಳ್ಳು.

• ಆ ಕಾಲದ ಕ್ಯಾಬಿನೆಟ್ಟಿನಲ್ಲಿ ಮುಂದಿನ ಬಟನ್ನಿಗೇ ನೇರ ಮೇನ್ಸ್ ಬರುತ್ತದೆ. ಆ ನಾಲ್ಕು ವೈರುಗಳ ಸ್ಲೀವ್ ಹರಿದಿದೆಯಾ ನೋಡು. ಮದರ್‌ಬೋರ್ಡಿಗೆ ಹೋಗುವ ಎರಡು ಕನೆಕ್ಟರುಗಳ ಕಪ್ಪು ವೈರುಗಳು ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ಅದಲು ಬದಲಾದರೆ ಬೋರ್ಡ್ ಹೋಯಿತು ಅಂತಲೇ ಲೆಕ್ಕ.

• ಕರೆಂಟ್ ಕೊಡದೆಯೇ ಬೋರ್ಡಿನ 5 ಮತ್ತು 12 ವೋಲ್ಟ್ ಪಿನ್ನುಗಳಿಂದ ಗ್ರೌಂಡಿಗೆ ಓಮ್ ನೋಡು. ಸೊನ್ನೆ ಬಂದರೆ ಹನಿಯಾಕಾರದ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ಅಂದಹಾಗೆ, ಎಲ್ಲ ಕೆಪಾಸಿಟರೂ ಬದಲಿಸುತ್ತೇನೆ ಅಂತ ಹೊರಡಬೇಡ. ತಲೆ ಉಬ್ಬಿ ಒಡೆಯುವ ರೋಗ ಹೆಚ್ಚಾಗಿ 1999ರ ನಂತರದ ಕೆಲವು ವರ್ಷಗಳ ಬೋರ್ಡುಗಳದ್ದು. ಇದರಲ್ಲಿ ಸುಮ್ಮನೆ ಕಿತ್ತರೆ ತಾಮ್ರದ ಪದರವೇ ಎದ್ದು ಬರುತ್ತದೆ.

• ಕಾರ್ಡುಗಳ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸು. ರ‍್ಯಾಮ್ ಸಾಕೆಟ್ಟಿನ ಪ್ಲಾಸ್ಟಿಕ್ ಕೊಂಡಿ ಈಗ ಹಪ್ಪಳದಂತೆ ಮುರಿಯುತ್ತದೆ, ಎರಡೂ ಬದಿ ಒಟ್ಟಿಗೆ ಬಿಡಿಸು. 30 ಪಿನ್ನಿನ ರ‍್ಯಾಮ್ ಆದರೆ 486ಕ್ಕೆ ನಾಲ್ಕು ನಾಲ್ಕಾಗಿಯೇ ಬೇಕು. ಬಯೋಸ್ ಚಿಪ್ಪಿನ ಮೇಲಿನ ಸ್ಟಿಕರ್ ಕೀಳಬೇಡ, ಅದರಡಿ ಗಾಜಿನ ಕಿಟಕಿ ಇದ್ದು ಬಿಸಿಲು ಬಿದ್ದರೆ ಕ್ರಮೇಣ ಒಳಗಿನದು ಅಳಿಯುತ್ತದೆ.

• ಈಗ ಕರೆಂಟ್. ಅದೂ ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡಿನ ಮೂಲಕ, 100 ವ್ಯಾಟಿನ ಫಿಲಮೆಂಟ್ ಬಲ್ಬ್ ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಫಕ್ಕನೆ ಹೊತ್ತಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಆ ಪರೀಕ್ಷೆ ಪಾಸಾದ ಮೇಲೆ ನೇರ ಮೇನ್ಸಿಗೆ ಹಾಕಿ ವೋಲ್ಟೇಜ್ ಅಳೆ. ಎಸ್‌ಎಂಪಿಎಸ್ ಅನ್ನು ಖಾಲಿ ಓಡಿಸದೆ ಯಾವುದಾದರೂ ಸತ್ತ ಹಾರ್ಡ್ ಡಿಸ್ಕ್ ಲೋಡ್ ಕೊಡು. ಕೆಂಪು ವೈರಿನಲ್ಲಿ 4.75ರಿಂದ 5.25, ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಬಂದರೆ ಆಮೇಲೆ ಬೋರ್ಡ್ ಜೋಡಿಸು, ಬರಿ ರ‍್ಯಾಮ್ ಮತ್ತು ಡಿಸ್‌ಪ್ಲೇ ಕಾರ್ಡಿನೊಂದಿಗೆ.

• ಮಾನಿಟರ್ ಬಿಚ್ಚಬೇಡ. ಚಿತ್ರನಳಿಕೆಯಲ್ಲಿ 20 ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ.

• ಹಾರ್ಡ್ ಡಿಸ್ಕ್ ಕೊನೆಗೆ ಜೋಡಿಸು. ಲೇಬಲ್ಲಿನ ಮೇಲಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಬರೆದಿಟ್ಟುಕೊ. ಬ್ಯಾಟರಿ ಸತ್ತಿದ್ದರಿಂದ ಬಯೋಸ್ ಅವನ್ನು ಮರೆತಿದೆ, ನೀನೇ ತುಂಬಬೇಕು. ಡಿಸ್ಕ್ ತಿರುಗಿತೆಂದರೆ ಆಟಗೀಟ ಹುಡುಕದೆ ಆ ಹೊತ್ತಿನಲ್ಲೇ ಎಲ್ಲವನ್ನೂ ಕಾಪಿ ಮಾಡು, ಇನ್ನೊಮ್ಮೆ ತಿರುಗುತ್ತದೆ ಅನ್ನುವ ಭರವಸೆ ಇಲ್ಲ. ಐಡಿಇ ಅಡಾಪ್ಟರಿನಲ್ಲಿ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕಿದರೆ ಅದೇ ಎರಡನೆಯ ಡಿಸ್ಕ್. ಹಳೆ ಬಯೋಸಿಗೆ 504 ಎಂಬಿಯಿಂದಾಚೆ ಕಾಣುವುದಿಲ್ಲ, ಚಿಕ್ಕ ಕಾರ್ಡೇ ತಗೋ. ಫ್ಲಾಪಿಯ ಮೇಲೆ ಬಿಳಿ ಬೂಷ್ಟು ಕಂಡರೆ ಡ್ರೈವಿಗೆ ತುರುಕಬೇಡ, ಹೆಡ್ಡೂ ಕೆಡುತ್ತದೆ.

• ಫೈಲ್ ತೆರೆದರೆ ಬರಿ ಗೆರೆ, ಚೌಕ ಕಂಡೀತು. ಕೆಟ್ಟಿದೆ ಅಂತ ಅಳಿಸಬೇಡ. ಒಳಗೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಇದೆಯಾ ನೋಡು. ಡಾಸ್ ಪರದೆಯ ಮೇಲೆ ಕನ್ನಡ ಮೂಡಿಸುತ್ತಿದ್ದುದು ಅದೇ. ಅಂಥ ಫೈಲು ಇಸ್ಕಿ ಸಂಕೇತದಲ್ಲಿರುತ್ತದೆ. ಯೂನಿಕೋಡಿನ ಭಾರತೀಯ ಲಿಪಿಗಳ ಜೋಡಣೆಯೂ ಇಸ್ಕಿಯನ್ನೇ ಅನುಸರಿಸಿದ್ದು, ಹಾಗಾಗಿ ಬದಲಾಯಿಸುವುದು ಕಷ್ಟವಲ್ಲ. ವಿಂಡೋಸಿನಲ್ಲಿ ಮಾಡಿದ ಡಿಟಿಪಿ ಫೈಲುಗಳಾದರೆ ಅಕ್ಷರದ ತುಂಡುಗಳೇ ಫಾಂಟಿನಲ್ಲಿರುತ್ತವೆ. ಫಾಂಟುಗಳನ್ನೂ ಜೊತೆಗೇ ಕಾಪಿ ಮಾಡು. ಅಜ್ಜ ಅಚ್ಚು ಹಾಕಿದ ಪುಸ್ತಕದ ಒಂದು ಪ್ರತಿ ಪಕ್ಕದಲ್ಲಿಟ್ಟುಕೊಂಡರೆ ಯಾವ ತುಂಡು ಯಾವ ಅಕ್ಷರದ್ದು ಅಂತ ಹೊಂದಿಸಿ ನೋಡಬಹುದು.

• ಹಳದಿಯಾದ ಕ್ಯಾಬಿನೆಟ್ಟಿಗೆ ಪೆರಾಕ್ಸೈಡ್ ಬಳಿದು ಬೆಳ್ಳಗೆ ಮಾಡುತ್ತಾರೆ. ನನ್ನ ಕೇಳಿದರೆ, ಸೋಪು ನೀರಿನಲ್ಲಿ ಒರೆಸಿ ಬಿಡು.